ರೊಪ್ಪಕ್ಕೆ ಮೊದಲು ಮುಳ್ಳು

ಚಳ್ಳಕೆರೆಯಲ್ಲಿ ನಮಗೆ ಲಿನಕ್ಸ್ ಕಲಿಸುತ್ತಿದ್ದ ಕಂಪ್ಯೂಟರ್ ಮೇಷ್ಟ್ರು ಕುರಿ ಸಾಕುವ ಮನೆಯಿಂದ ಬಂದವರು. ಹೊಸ ಲಿನಕ್ಸ್ ಹಾಕಿದೊಡನೆ ಮೀಸೆ ತೀಡಿಕೊಂಡು, “ಕುರಿ ರೊಪ್ಪಕ್ಕೆ ಮೊದ್ಲು ಸುತ್ತ ಮುಳ್ಳು, ಆಮೇಲೆ ಬಾಗ್ಲು” ಎನ್ನುತ್ತಿದ್ದರು. ಅಂದರೆ ಕುರಿದೊಡ್ಡಿಗೆ ಮುಳ್ಳುಬೇಲಿ ಇದ್ದಂತೆ ಕಂಪ್ಯೂಟರಿಗೆ ಕಾವಲಾದ ಫೈರ್‌ವಾಲ್‌ನಲ್ಲಿ ಮೊದಲು ಎಲ್ಲ ದಾರಿಗಳನ್ನೂ ಮುಚ್ಚಬೇಕು, ಆಮೇಲೆ ಬೇಕಾದುದನ್ನಷ್ಟೇ ತೆರೆಯಬೇಕು.

ಒಮ್ಮೆ ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದರ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಬಂದರು. ಫೈರ್‌ವಾಲ್ ಹಾಕುವುದು ಮಾತ್ರ ಉಳಿದಿತ್ತು. ಇಂಟರ್‌ನೆಟ್ ಮೂಲಕ ಚಳ್ಳಕೆರೆಯಿಂದಲೇ ಆ ಕಂಪ್ಯೂಟರಿನೊಳಗೆ ಹೊಕ್ಕು, ಅದನ್ನು ಹೇಗೆ ಹಾಕುವುದೆಂದು ನಮಗೆ ತೋರಿಸಲು ಕೂತರು. ಎಲ್ಲ ದಾರಿ ಮುಚ್ಚುವ ಸಾಲನ್ನು ಬರೆದು ಎಂಟರ್ ಒತ್ತಿದರು. ಪರದೆ ಅಲ್ಲಾಡಲಿಲ್ಲ. ಅವರು ಹೊಕ್ಕಿದ್ದ ದಾರಿಯೂ ಮುಚ್ಚಿಹೋಗಿತ್ತು.

ಅಷ್ಟರಲ್ಲಿ ಅಂಗಡಿಯವರ ಫೋನು ಬಂತು. “ಇಂಟರ್‌ನೆಟ್ಟೇ ನಿಂತೈತಲ್ರಿ ಮೇಷ್ಟ್ರೇ. ಗಿರಾಕಿಗೆ ಸೀರೆ ಫೋಟೋ ಕಳಿಸ್ಬೇಕು.”

ಮೇಷ್ಟ್ರು ಫೋನಿಟ್ಟು ಮತ್ತೆರಡು ಸಲ ಎಂಟರ್ ಒತ್ತಿದರು. ನಾನು ಸುಮ್ಮನಿರಲಾರದೆ, “ಸಾರ್, ರೊಪ್ಪಕ್ಕೆ ಮುಳ್ಳು ಮುಚ್ಚೋರು ಒಳಗೆ ನಿಂತು ಮುಚ್ಬೇಕಲ್ವಾ?” ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಮೊಳಕಾಲ್ಮೂರಿನ ಬಸ್ಸಿಗೆ ಹೊರಟರು. ಬಾಗಿಲಲ್ಲಿ ತಿರುಗಿ ನಿಂತು, ಮತ್ತೆ ಮೀಸೆ ತೀಡಿಕೊಂಡರು.

“ಕಟ್ಟಿದ ನನ್ನೇ ಒಳಗೆ ಬಿಡ್ಲಿಲ್ಲ ಅಂದ್ಮೇಲೆ, ಕಳ್ಳನ್ನ ಬಿಡ್ತೈತೇನ್ಲೇ?”