ಮೊದಲ ತಾಟು ಸುನಂದಾಳದು

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ನಸುಕು. ಗುಲ್ಬರ್ಗಾಕ್ಕೆ ಹೊರಡುವ ಮೊದಲ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ವಿಜಯಲಕ್ಷ್ಮಿಯವರ ಖಾನಾವಳಿಯ ಒಳಮನೆಯಲ್ಲಿ ಮಾತ್ರ ಆಗಲೇ ದುಡಿಮೆ ಶುರುವಾಗಿದೆ. ಪರಾತದ ತುಂಬ ಜೋಳದ ಹಿಟ್ಟು. ಅದಕ್ಕೆ ಕುದಿನೀರು ಸುರಿದು ಸುನಂದಾ ಎರಡೂ ಕೈಯಿಂದ ನಾದುತ್ತಿದ್ದಾಳೆ. ಹೊಗೆ, ಹಿಟ್ಟಿನ ಧೂಳು ಒಳಗೆ ಹೋಗಬಾರದೆಂದು ಮೂಗು ಬಾಯಿಗೆ ಒಗೆದ ಬಿಳಿ ಅರಿವೆ ಕಟ್ಟಿಕೊಂಡಿದ್ದಾಳೆ. ಕಾಣುವುದು ಎರಡು ಕಣ್ಣು, ದೊಡ್ಡ ಕುಂಕುಮ, ಹಣೆಯ ಮೇಲೆ ಬೆವರು.

ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತದೆ. ಎರಡನೆಯದೂ ಬೀಳುತ್ತದೆ. ಅಷ್ಟರಲ್ಲಿ ಹೊರಗಿನ ಬಾಕಿನ ಮೇಲೆ ಒಬ್ಬ ಲಾರಿ ಡ್ರೈವರ್ ಬಂದು ಕುಳಿತು ತಾಟಿಗೆ ಕಾಯುತ್ತಿದ್ದಾನೆ. ಸುನಂದಾ ಕೈ ತೊಳೆಯುತ್ತಾಳೆ, ಮುಖದ ಅರಿವೆ ಬಿಚ್ಚುತ್ತಾಳೆ, ಮನೆಯಿಂದ ತಂದ ಡಬ್ಬಿ ತೆಗೆಯುತ್ತಾಳೆ. ನಸುಕಿಗೂ ಮೊದಲೇ ಎದ್ದು ಮಾಡಿದ ಹೆಸರುಬೇಳೆ, ಬೇಯಿಸಿದ ಹೀರೇಕಾಯಿ ಪಲ್ಯ. ಎರಡು ರೊಟ್ಟಿ ತಾಟಿಗೆ ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತೇಬಿಡುತ್ತಾಳೆ.

"ಏನವ್ವಾ, ಗಿರಾಕಿ ಕಾಯಾಕತ್ತಾರ, ನೀ ಉಣ್ಣಾಕ ಕುಂತಿ?" ಹೊಸಬ ಡ್ರೈವರ್‌ಗೆ ಸೋಜಿಗ.

"ಹೌದ್ರಿ. ನಂದಾದ ಮ್ಯಾಲೆ ನಿಮ್ದು. ಕೂಡ್ರಿ, ಬಿಸಿಬಿಸಿ ಹಾಕ್ತೇನಿ."

ಮಾತಿನಲ್ಲಿ ಸಿಟ್ಟಿಲ್ಲ, ಸಂಕೋಚವೂ ಇಲ್ಲ. ಉಂಡು, ಗುಳಿಗೆ ನುಂಗಿ, ಕಾಯಿಸಿ ಆರಿಸಿದ ನೀರು ತುಂಬಿದ ತನ್ನದೇ ತಂಬಿಗೆ ಎತ್ತಿ ಗಟಗಟ ಕುಡಿದ ಮೇಲೆಯೇ ಆಕೆ ಮತ್ತೆ ಹಂಚಿನ ಮುಂದೆ ಕೂರುವುದು. ಅಲ್ಲಿಂದ ಮಧ್ಯಾಹ್ನದವರೆಗೆ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ರೊಟ್ಟಿ ಆ ಕೈಯಿಂದ ಇಳಿಯುತ್ತವೆ. ಸುನಂದಾಳ ಬಲಗಡೆ ಕಿಬ್ಬೊಟ್ಟೆಯಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಮೂತ್ರಪಿಂಡ ಆಕೆಯ ಅವ್ವನದು ಎಂಬುದು ಇಲ್ಲಿ ಉಣ್ಣುವ ಎಷ್ಟೋ ಜನಕ್ಕೆ ಗೊತ್ತಿಲ್ಲ.

ತವರು ಇಂಡಿ ತಾಲ್ಲೂಕಿನ ತಾಂಬಾ. ಹದಿನೆಂಟಕ್ಕೆ ಮದುವೆಯಾಗಿ ಸಿಂದಗಿಗೆ ಬಂದಳು. ಗಂಡ ಬಸಂತರಾಯ ಹಿಟ್ಟಿನ ಗಿರಣಿಯಲ್ಲಿ ಕೆಲಸಗಾರ, ಮಾತು ಕಡಿಮೆ, ಹೆಂಡತಿಯ ಮೇಲೆ ಜೀವ. ಮಾವನಿದ್ದರೂ ಮನೆಯ ಯಜಮಾನಿಕೆ ಅತ್ತೆ ಭೌರವ್ವನದು. ಮಗಳು ಕಸ್ತೂರಿ ಹೊಟ್ಟೆಯಲ್ಲಿದ್ದಾಗಲೇ ಸುನಂದಾಳ ಕಾಲು ಬಾತವು, ತಲೆ ಸಿಡಿಯತೊಡಗಿತು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಸುಮ್ಮನಿದ್ದರು, ಆಕೆಯೂ ಸುಮ್ಮನಿದ್ದಳು. ಹೆರಿಗೆಯ ನಂತರವೂ ಬಾವು ಇಳಿಯಲಿಲ್ಲ. ವರ್ಷಗಳು ಕಳೆದು, ಉಂಡದ್ದೆಲ್ಲ ವಾಂತಿಯಾಗತೊಡಗಿದ ಮೇಲೆ ಸೊಲ್ಲಾಪುರಕ್ಕೆ ಕರೆದೊಯ್ದರು. ರಕ್ತದೊತ್ತಡ ಎರಡೂ ಮೂತ್ರಪಿಂಡಗಳನ್ನು ಸದ್ದಿಲ್ಲದೆ ತಿಂದು ಹಾಕಿತ್ತು.

ವಾರಕ್ಕೆ ಎರಡು ಸಲ ಸೊಲ್ಲಾಪುರ, ಯಂತ್ರದಿಂದ ರಕ್ತ ತೊಳೆಸಿಕೊಂಡು ವಾಪಸು. ಹಾಗೆ ಎಷ್ಟು ದಿನ ನಡೆದೀತು? ಬೇರೆಯವರ ಮೂತ್ರಪಿಂಡ ಜೋಡಿಸಬೇಕು, ಹತ್ತಿರದ ರಕ್ತಸಂಬಂಧಿ ಕೊಟ್ಟರೆ ಒಳ್ಳೆಯದು ಎಂದರು ವೈದ್ಯರು. ತಾಂಬಾದ ಮನೆಯಲ್ಲಿ ಈ ಮಾತು ಬಂದಾಗ ಅಣ್ಣಂದಿರು ನೆಲ ನೋಡಿದರು. ಅವ್ವ ರುಕ್ಮವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಒಳಗೆ ಬಂದಳು.

"ಒಂಬತ್ತು ತಿಂಗಳ ಇಡೀ ಕೂಸನ್ನ ಮೈಯಾಗ ಇಟ್ಕೊಂಡಾಕಿಗಿ ಇದೊಂದು ದೊಡ್ಡದಲ್ಲ ಬಿಡ್ರಿ ಅಂದೆ," ಎಂದು ಈಗ ಅರವತ್ತೈದು ದಾಟಿದ ರುಕ್ಮವ್ವ ನೆನೆಯುತ್ತಾಳೆ. "ಊರಾಗ ಮಂದಿ, ಈ ವಯಸ್ಸಿನಾಗ ಯಾಕ ಬೇಕವ್ವ, ಹೊಲಕ್ಕ ಹೋಗಾಕ ಆಗೂದಿಲ್ಲ ಅಂದ್ರು. ಈಗೂ ಹೊಲಕ್ಕ ಹೋಗ್ತೇನಿ, ನೋಡ್ರಿ. ವರ್ಷಕ್ಕೊಮ್ಮೆ ರಕ್ತ ತೋರಿಸ್ತೇನಿ, ಅಷ್ಟ."

೧೯೯೬ರ ಚಳಿಗಾಲದಲ್ಲಿ ಪುಣೆಯ ಆಸ್ಪತ್ರೆಯೊಂದರಲ್ಲಿ ತಾಯಿ ಮಗಳು ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿದರು. ಆಪರೇಶನ್ ಸುಸೂತ್ರವಾಯಿತು. ಮನೆಗೆ ಹೊರಡುವಾಗ ವೈದ್ಯರು ಹೇಳಿದ್ದು ಬಹಳವೇನಲ್ಲ. ದೇಹ ಈ ಹೊಸ ಅಂಗವನ್ನು ಪರಕೀಯವೆಂದು ದೂಡದ ಹಾಗೆ ತಡೆಯುವ ಗುಳಿಗೆಗಳನ್ನು ಜೀವನಪೂರ್ತಿ ಹೊತ್ತಿಗೆ ಸರಿಯಾಗಿ ನುಂಗಬೇಕು. ಅವು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ, ಆದ್ದರಿಂದ ತಂಗಳು ತಿನ್ನಬಾರದು, ಹಸಿಯದ್ದು ಬೇಡ, ನೀರು ಕಾಯಿಸಿಯೇ ಕುಡಿಯಬೇಕು. ಉಪ್ಪು ಕಡಿಮೆ. ಊಟ ತಪ್ಪಿಸಬಾರದು.

ಕೇಳಲಿಕ್ಕೆ ಸುಲಭ. ಆದರೆ ಸಿಂದಗಿಯ ಆ ಮನೆಯಲ್ಲಿ ಸೊಸೆ ಉಣ್ಣುವುದು ಯಾವಾಗ? ಗಂಡಸರದಾಗಬೇಕು, ಮಕ್ಕಳದಾಗಬೇಕು, ಅತ್ತೆಯದಾಗಬೇಕು. ಆಮೇಲೆ ಬೋಗುಣಿಯ ತಳದಲ್ಲಿ ಉಳಿದದ್ದು. ನಿನ್ನೆಯ ಸಾರು ಉಳಿದಿದ್ದರೆ ಚೆಲ್ಲುವವರಾರು? ಅದೂ ಸೊಸೆಗೇ. ವೈದ್ಯರು ಬೇಡವೆಂದದ್ದೇ ಆಕೆಯ ದಿನದ ಊಟವಾಗಿತ್ತು.

ಮೊದಲ ಕೆಲವು ತಿಂಗಳು ಮನೆಯವರೂ ಹೆದರಿ ನೋಡಿಕೊಂಡರು. ಗುಳಿಗೆಯಿಂದ ಮುಖ ಊದಿತು, ಹಸಿವು ವಿಪರೀತವಾಯಿತು, ಕೆನ್ನೆಯ ಮೇಲೆ ನಸುಗೂದಲು ಮೂಡಿತು. ಓಣಿಯ ಹೆಂಗಸರು "ಮೈ ಹಿಡಿದೈತಿ, ಅರಾಮ ಆದಾಳ" ಅಂದರು. ಅರಾಮ ಆದಳೆಂದ ಮೇಲೆ ಕೆಲಸ ಬಂತು, ಕೆಲಸದ ಜತೆ ಹಳೆಯ ರೂಢಿಯೂ ಮರಳಿತು.

ಎರಡನೆಯ ವರ್ಷದ ಶ್ರಾವಣ. ಭೌರವ್ವ ಸೋಮವಾರದ ಉಪವಾಸ ಹಿಡಿದಳು. ಸೊಸೆಯೂ ಹಿಡಿಯಲಿ, ದೇವರು ಜೀವ ಉಳಿಸಿದ್ದಾನಲ್ಲ ಎಂದಳು. ಸುನಂದಾ ಎದುರಾಡಲಿಲ್ಲ. ದಿನವಿಡೀ ನೀರೂ ಸರಿಯಾಗಿ ಕುಡಿಯಲಿಲ್ಲ. ಸಂಜೆ ಪೂಜೆ ಮುಗಿದು, ಎಲ್ಲರಿಗೂ ಬಡಿಸಿ, ಕೊನೆಗೆ ಆಕೆಯ ಪಾಲಿಗೆ ಬಂದದ್ದು ಹಿಂದಿನ ದಿನದ ಹುಳಿ ವಾಸನೆಯ ಪಲ್ಯ. ಬೆಳಗಾಗುವುದರೊಳಗೆ ವಾಂತಿ, ಭೇದಿ. ಗುಳಿಗೆಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೆಯ ದಿನ ಮೂತ್ರ ಇಳಿಯುವುದೇ ಕಡಿಮೆಯಾಯಿತು. ಬಸಂತರಾಯ ಗಿರಣಿ ಮಾಲೀಕನ ಜೀಪು ಬೇಡಿ ತಂದು ಹೆಂಡತಿಯನ್ನು ಸೊಲ್ಲಾಪುರಕ್ಕೆ ಒಯ್ದ.

ರಕ್ತದ ವರದಿ ನೋಡಿ ವೈದ್ಯರ ಮುಖ ಬದಲಾಯಿತು. ದೇಹ ಅವ್ವನ ಅಂಗವನ್ನು ದೂಡಲು ಆರಂಭಿಸಿತ್ತು. ಹದಿನೈದು ದಿನ ಸುನಂದಾ ಅಲ್ಲಿ ಮಲಗಿದಳು. ಉಳಿಯುತ್ತದೆಯೋ ಇಲ್ಲವೋ ಯಾರೂ ಹೇಳಲಿಲ್ಲ. ಸುದ್ದಿ ತಿಳಿದು ರುಕ್ಮವ್ವ ತಾಂಬಾದಿಂದ ಬಂದಳು. ಮಗಳ ಕಾಲ ಬಳಿ ಕುಳಿತಳು. ಅಳಲಿಲ್ಲ, ತಲೆ ಸವರಲಿಲ್ಲ.

"ಏನ ಉಂಡಿದ್ದಿ?" ಎಂದಳು.

ಸುನಂದಾ ಹೇಳಿದಳು.

"ಉಪವಾಸ ಮಾಡಾಕ ನಾ ನಿನಗ ಕಿಡ್ನಿ ಕೊಟ್ಟಿಲ್ಲ. ತಂಗಳಾ ಹಾಕಾಕ ಕೊಟ್ಟಿಲ್ಲ. ನಿಂದು ಅಂತ ತಿಳದು ಹಾಳ ಮಾಡಬ್ಯಾಡ, ನಂದು ಐತಿ ಅದು."

"ಆ ಮಾತು ಸೂಜಿಕಿಂತ ಜೋರ ಚುಚ್ಚಿತ್ರಿ," ಎನ್ನುತ್ತಾಳೆ ಸುನಂದಾ. "ಅಲ್ಲಿತನಾ ನಾ, ಮನ್ಯಾಗ ಎಲ್ಲಾರದೂ ಆದ ಮ್ಯಾಲೆ ನಂದು ಅಂತಿದ್ದೆ. ನನ್ನ ಹೊಟ್ಟ್ಯಾಗ ನಮ್ಮವ್ವ ಅದಾಳ. ಅಕಿಗೆ ಹೆಂಗ ಕಡೀಕ ಹಾಕ್ಲಿ?"

ಮೂತ್ರಪಿಂಡ ಉಳಿಯಿತು. ಸ್ವಲ್ಪ ಶಕ್ತಿ ಕಳೆದುಕೊಂಡಿತು, ಅದು ಮತ್ತೆ ಬರಲಿಲ್ಲ. ಉಳಿದದ್ದನ್ನು ಕಾಯುವುದೊಂದೇ ದಾರಿ.

ಮನೆಗೆ ಬಂದ ಮರುದಿನ ಸುನಂದಾ ಚಿಕ್ಕ ಬೋಗುಣಿಯೊಂದನ್ನು ತನಗೆಂದೇ ಬೇರೆ ಇಟ್ಟಳು. ಚಿಟಿಕೆ ಉಪ್ಪಿನ ಬೇಳೆ ಬೇಯಿಸಿದಳು, ರೊಟ್ಟಿ ಬಡಿದಳು. ಮಾವ, ಗಂಡ, ಅತ್ತೆ ಎಲ್ಲರೂ ಪಡಸಾಲೆಯಲ್ಲಿ ಇರುವಾಗಲೇ ತಾಟು ಹಾಕಿಕೊಂಡು ಉಣ್ಣಲು ಕುಳಿತಳು.

"ಗಂಡಸರು ಇನ್ನೂ ಉಂಡಿಲ್ಲ," ಎಂದಳು ಭೌರವ್ವ.

"ಹೊತ್ತಾತ್ರಿ ಅತ್ತಿ. ಗುಳಿಗಿ ನುಂಗಬೇಕು."

"ಈ ಮನ್ಯಾಗ ಹಿಂಗ ನಡದಿಲ್ಲ."

"ನಡದಿಲ್ರಿ. ಇವತ್ತಿಂದ ನಡೀತೈತಿ."

ಹೆದರಿಕೆ ಇತ್ತು, ಆದರೂ ತಾಟು ಬಿಟ್ಟು ಏಳಲಿಲ್ಲ ಎಂದು ಸುನಂದಾ ನಗುತ್ತ ಹೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಬಸಂತರಾಯ ಎದ್ದು ಒಳಗೆ ಹೋದ. ಸಿಟ್ಟಾದನೇನೋ ಅಂದುಕೊಂಡಳು. ಅವನು ತನ್ನ ತಾಟು ತಂದು ಹೆಂಡತಿಯ ಪಕ್ಕ ಕುಳಿತು, "ನನಗೂ ಹಾಕು" ಎಂದ. ಅತ್ತೆ ಅಂದಿನಿಂದ ತಿಂಗಳುಗಟ್ಟಲೆ ಸೊಸೆಯೊಂದಿಗೆ ಮಾತು ಬಿಟ್ಟಳು.

ಗುಳಿಗೆಯ ಖರ್ಚು ಗಿರಣಿಯ ಪಗಾರಕ್ಕೆ ನಿಲುಕದಾದಾಗ ಸುನಂದಾ ತಾನೇ ದುಡಿಯುತ್ತೇನೆಂದು ಹೊರಟಳು. ಖಾನಾವಳಿಯ ವಿಜಯಲಕ್ಷ್ಮಿ ಮೊದಲು ಒಪ್ಪಲಿಲ್ಲ. "ಆಪರೇಶನ್ ಆದಾಕಿ, ಒಲಿ ಮುಂದ ಬಿದ್ದಗಿದ್ದರ ನಮಗ್ಯಾಕ ಬೇಕ್ರಿ ಅನ್ನಿಸ್ತು," ಎಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. "ಅದರ ಮ್ಯಾಲೆ ಇಕಿ, ನಾ ಮೊದಲ ಉಣ್ತೇನಿ, ಆಮ್ಯಾಲೆ ಮಂದೀಗಿ ರೊಟ್ಟಿ ಬಡೀತೇನಿ ಅಂದ್ಲು. ಕೆಲಸ ಕೇಳಾಕ ಬಂದಾಕಿ ಹಿಂಗ ಕರಾರ ಹಾಕಿದ್ದು ನಾ ನೋಡೇ ಇರಲಿಲ್ಲ. ಎಂಟು ದಿನ ನೋಡೂಣು ಅಂತ ಇಟ್ಕೊಂಡೆ. ಆರು ವರ್ಷ ಆತು." ಭಾರದ ಕೊಡ ಎತ್ತುವುದು, ಗಿರಾಕಿಗಳ ಎಂಜಲ ತಾಟು ತೊಳೆಯುವುದು ಸುನಂದಾಳ ಪಾಲಿಗಿಲ್ಲ. ರೊಟ್ಟಿ ಮಾತ್ರ ಪೂರ್ತಿ ಆಕೆಯದೇ.

ಸುತ್ತಲೂ ಶೇಂಗಾ ಹಿಂಡಿಯ ಚಟ್ನಿಪುಡಿ, ಕೆಂಪು ಖಾರ, ಉಪ್ಪಿನಕಾಯಿ, ಹೆಚ್ಚಿದ ಸೌತೆ, ಹಸಿ ಮೆಂತ್ಯೆ. ಈ ನಾಡಿನಲ್ಲಿ ಹುಟ್ಟಿದ ನಾಲಿಗೆಗೆ ಇವೆಲ್ಲ ಇಲ್ಲದ ಊಟ ಊಟವೇ ಅಲ್ಲ. ಆಸೆ ಆಗುವುದಿಲ್ಲವೇ? "ಆಗ್ತದ್ರಿ, ಯಾಕಾಗೂದಿಲ್ಲ? ಶೇಂಗಾ ಹಿಂಡಿ ಕುಟ್ಟೂ ವಾಸನಿ ಬಂದ್ರ ಬಾಯಾಗ ನೀರ ಬರ್ತಾವ. ಜ್ವಾಳದ ರೊಟ್ಟಿಗಿ ಉಪ್ಪ ಹಾಕೂದಿಲ್ಲ ನೋಡ್ರಿ, ಅದೊಂದು ನನ್ನ ಪಾಲಿಗಿ ಉಳದೈತಿ. ಬ್ಯಾಳಿಗಿ ಇಂಡಿ ಲಿಂಬಿಹಣ್ಣು ಹಿಂಡಿದ್ರ ಉಪ್ಪಿನ ನೆನಪು ಹೋಗ್ತದ." ಮನೆಯಲ್ಲೇ ಹೆಪ್ಪಿಟ್ಟ ಅಂದಂದಿನ ಮಜ್ಜಿಗೆ ಇರುತ್ತದೆ. ಎರಡು ವರ್ಷದ ಹಿಂದೆ ಗುಳಿಗೆಗಳಿಂದಾಗಿ ಸಕ್ಕರೆಯ ಕಾಯಿಲೆಯೂ ಸೇರಿಕೊಂಡಿತು. ಹೋಳಿಗೆ, ಹುಗ್ಗಿ ಬಿಟ್ಟಳು, ಸಂಜೆ ಮಗಳ ಜತೆ ನಡೆಯುವುದು ಹಿಡಿದಳು. ಬೇರು ಅರೆದು ಕುಡಿ, ಕಷಾಯ ಕುಡಿ ಎಂದು ಮನೆಗೆ ಬಂದು ಹೇಳುವವರಿಗೆ ಚಹಾ ಕೊಟ್ಟು ಕಳಿಸುತ್ತಾಳೆ, ಕಷಾಯ ಮುಟ್ಟುವುದಿಲ್ಲ.

ಸೊಲ್ಲಾಪುರದ ತಪಾಸಣೆಯಲ್ಲಿ ಪರಿಚಯವಾದ ಮುದ್ದೇಬಿಹಾಳದ ಬಂದಗಿಸಾಬ ಕಳೆದ ವರ್ಷ ಮೂತ್ರಪಿಂಡ ಹಾಕಿಸಿಕೊಂಡವರು. ಮೈ ಹಗುರಾಯಿತೆಂದು ಗುಳಿಗೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದರು. ಹೆಂಡತಿ ಸಗೀರಾ ಹೇಳಿ ಹೇಳಿ ಸೋತು ಗಂಡನನ್ನು ಸಿಂದಗಿಗೆ ಎಳೆದು ತಂದಳು. ಸುನಂದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತು ಕೇಳಿದಳು: "ಅಣ್ಣಾ, ಅರಾಮ ಆಗೇನಿ ಅಂತ ಬಿಟ್ರ್ಯಾ? ಗುಳಿಗಿ ನುಂಗಿದ್ದಕ್ಕ ಅರಾಮ ಅದೀರಿ. ನಾ ಒಮ್ಮೆ ಹದಿನೈದು ದಿನ ಮಲಗಿ ನೋಡೇನಿ. ನಿಮಗ ಬ್ಯಾಡ." ಬಂದಗಿಸಾಬ ಆಮೇಲೆ ತಪ್ಪಿಸಿಲ್ಲ ಎಂದು ಸಗೀರಾ ಹೇಳಿ ಕಳಿಸಿದ್ದಾಳೆ.

ಕಳೆದ ಬೇಸಗೆಯಲ್ಲಿ ಮನೆಯಲ್ಲೂ ಒಂದು ಬದಲಾವಣೆಯಾಯಿತು. ಭೌರವ್ವ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಳು. ರಕ್ತದೊತ್ತಡ ಏರಿತ್ತು. ಉಪ್ಪು ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ಊರಿನ ವೈದ್ಯರು ಹೇಳಿ ಕಳಿಸಿದರು. ಮುದುಕಿ ನಾಲ್ಕು ದಿನ ಮೊದಲಿನ ಹಾಗೆಯೇ ಉಂಡಳು. ಐದನೆಯ ದಿನ ಸುನಂದಾ ಊಟಕ್ಕೆ ಕುಳಿತಾಗ ಎದುರಿಗೆ ತಾಟು ಸರಿಸಿದ ಸಪ್ಪಳ.

"ನಿನ್ನ ಬ್ಯಾಳಿ ಒಂದೀಟು ಹಾಕು."

ಸುನಂದಾ ಹಾಕಿದಳು. ಭೌರವ್ವ ಒಂದು ತುತ್ತು ಉಂಡು ಮುಖ ಕಿವಿಚಿದಳು. "ಇದನ್ನ ಇಷ್ಟ ವರ್ಷ ಹೆಂಗ ಉಂಡಿಯವ್ವಾ?"

"ಜೀವಾ ಬೇಕಾಗಿತ್ರಿ ಅತ್ತಿ."

ಮುದುಕಿ ಲಿಂಬೆಯ ಹೋಳಿಗೆ ಕೈ ಚಾಚಿದಳು. ಈಗ ಅತ್ತೆ ಸೊಸೆಗೆ ಒಂದೇ ಬೋಗುಣಿ, ಒಂದೇ ಹೊತ್ತು.

ಮೂತ್ರಪಿಂಡ ಇನ್ನೆಷ್ಟು ವರ್ಷ ಬಂದೀತು ಎಂದು ಯಾವ ವೈದ್ಯರೂ ಬರೆದುಕೊಡಲಾರರು. ಜೋಡಿಸಿದ ಅಂಗಕ್ಕೂ ಆಯಸ್ಸಿದೆ ಎಂಬುದನ್ನು ಅವರು ಮುಚ್ಚಿಟ್ಟಿಲ್ಲ, ಸುನಂದಾ ಮರೆತಿಲ್ಲ. "ಅದರ ಆಯುಷ್ಯ ನನ್ನ ಕೈಯಾಗಿಲ್ರಿ. ಅದಕ್ಕ ಏನ ಹಾಕಬೇಕು ಅನ್ನೂದು ನನ್ನ ಕೈಯಾಗ ಐತಿ. ಅದನ್ನ ನಾ ಬಿಡೂದಿಲ್ಲ."

ಮಗಳು ಕಸ್ತೂರಿ ಈಗ ಪಿಯುಸಿ ಎರಡನೆಯ ವರ್ಷ. ಕೊಲ್ಹಾರದ ಕಡೆಯಿಂದ ಒಂದು ಸಂಬಂಧ ಕೇಳಿಕೊಂಡು ಬಂದಿದ್ದರು. ಓದು ಮುಗಿಯಲಿ ಎಂದು ಸುನಂದಾ ಅವರನ್ನು ವಾಪಸು ಕಳಿಸಿದಳು. ಮುಂದೊಂದು ದಿನ ಮದುವೆಯಂತೂ ಆಗಬೇಕು. ಆ ಮನೆ ಹೇಗಿರಬೇಕು ಎಂದು ಕೇಳಿದರೆ ಆಕೆ ಹೊಲ, ನೌಕರಿಯ ಮಾತೆತ್ತುವುದಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಒದ್ದೆ ಅರಿವೆಯಿಂದ ಅದರ ಅಂಚು ಒತ್ತುತ್ತ ಹೇಳುತ್ತಾಳೆ:

"ಹಸಿದಾಗ ಉಣ್ಣಾಕ ನನಗ ಆಪರೇಶನ್ ಆಗಬೇಕಾತ್ರಿ. ನನ್ನ ಮಗಳು ಬ್ಯಾನಿ ಇಲ್ಲದನ ಹೊತ್ತಿಗಿ ಸರಿಯಾಗಿ ಉಣ್ಣಬೇಕು. ಅಷ್ಟ ನೋಡ್ರಿ ನನಗ ಬೇಕಾದದ್ದು."