ಇಬ್ಬರು ನಾಯಕರ ಹುಟ್ಟುಹಬ್ಬದಲ್ಲಿ ಮೂರನೆಯವಳು

ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಕಳೆದವರಿಗೆ ದೇಶದ ನಾಯಕರು ಎಂದ ಕೂಡಲೇ ನೆನಪಾಗುವುದು ದೂಳು. ವರ್ಷಕ್ಕೆ ಎಷ್ಟು ಜಯಂತಿಗಳಿವೆಯೋ ಅಷ್ಟು ಸಲ ನಾನು ಬೀರುವಿನ ಮೇಲಿಂದ ಅವರ ಫೋಟೋಗಳನ್ನು ಇಳಿಸಿದ್ದೇನೆ. ಹಳೆಯ ಸೀರೆಯ ತುಂಡಿನಿಂದ ಗಾಜು ಒರೆಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚೆಂಡುಹೂವಿನ ಮಾಲೆ ಹಾಕಿ, ಊದುಬತ್ತಿ ಹಚ್ಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೇನೆ. ಈಚೆಗೆ ಅದರ ಫೋಟೋ ತೆಗೆದು ಇಲಾಖೆಯ ವಾಟ್ಸಾಪ್ ಗುಂಪಿಗೂ ಹಾಕಬೇಕು. ಹಾಕದಿದ್ದರೆ ಆ ದೊಡ್ಡವರು ಆ ವರ್ಷ ಹುಟ್ಟಲೇ ಇಲ್ಲ.

ನನ್ನದು ಪಾಲಿಬೆಟ್ಟದ ಆಚೆ, ದೊಡ್ಡದೊಂದು ಕಾಫಿ ತೋಟಕ್ಕೆ ಅಂಟಿಕೊಂಡ ಎರಡು ಕೋಣೆಯ ಶಾಲೆ. ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ತೋಟದ ಲೈನ್ ಮನೆಗಳವರು, ಎಂದರೆ ಕೂಲಿಯವರ ಸಾಲುಮನೆಗಳವರು. ಮಾದಾಪುರದ ಕಡೆಯಿಂದ ಬಂದ ನಾನು ಮೂರು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಊರ ಹತ್ತಿರ ಹೋಗುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ಆಗಲಿಲ್ಲ. ಆಮೇಲೆ ಅರ್ಜಿ ಹಾಕಲೂ ಬೇಸರವಾಯಿತು.

ಜಯಂತಿಗಳಲ್ಲಿ ನನಗೆ ಇಷ್ಟವಾದದ್ದು ಒಂದೇ, ಅಕ್ಟೋಬರ್ ಎರಡು. ಅದಕ್ಕೆ ಭಕ್ತಿಯೇನೂ ಕಾರಣವಲ್ಲ, ಸೋಮಾರಿತನ. ಅವತ್ತು ಇಬ್ಬರು ನಾಯಕರು ಹುಟ್ಟಿದ್ದಾರೆ. ಕೋಲು ಹಿಡಿದ ಬೊಚ್ಚುಬಾಯಿಯ ಅಜ್ಜ ಒಬ್ಬರು, ಅವರಿಗಿಂತ ಎಷ್ಟೋ ವರ್ಷ ಕಿರಿಯರಾದ, ಟೋಪಿ ಹಾಕಿದ ಕುಳ್ಳಗಿನ ಪ್ರಧಾನಿ ಇನ್ನೊಬ್ಬರು. ಒಂದೇ ಮೇಜು, ಒಂದೇ ಊದುಬತ್ತಿ, ಒಂದೇ ಭಾಷಣದಲ್ಲಿ ಇಬ್ಬರದೂ ಮುಗಿಯುತ್ತದೆ. ಎಲ್ಲ ನಾಯಕರೂ ಹೀಗೆ ಹೊಂದಾಣಿಕೆ ಮಾಡಿಕೊಂಡು ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದೇ ತಿಂಗಳ ಕೊನೆಯ ದಿನವಂತೂ ಒಬ್ಬ ನಾಯಕರು ಹುಟ್ಟಿದ ದಿನವೇ ಇನ್ನೊಬ್ಬರು ಗುಂಡಿಗೆ ಬಲಿಯಾದರು. ಒಂದು ಫೋಟೋದ ಮುಂದೆ ನಗಬೇಕು, ಪಕ್ಕದ್ದರ ಮುಂದೆ ಮುಖ ಸಪ್ಪೆ ಮಾಡಿಕೊಳ್ಳಬೇಕು. ಮಕ್ಕಳಿಗೆ ಅದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ನಾನು ಈಗ ಹೇಳಬೇಕಾದ ತಪ್ಪು ಈ ಜಯಂತಿಗಳಿಂದಲೇ ಹುಟ್ಟಿದ್ದು.

ಲೈನಿನ ಮಕ್ಕಳನ್ನು ಒಂದನೇ ತರಗತಿಗೆ ಸೇರಿಸಲು ಬರುವಾಗ ತಾಯಂದಿರ ಕೈಯಲ್ಲಿ ಜನನ ಪತ್ರ ಇರುತ್ತಿರಲಿಲ್ಲ. ಈಗ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲಾಗುತ್ತದೆ, ಪತ್ರ ಇರುತ್ತದೆ. ಆಗ ಹಾಗಲ್ಲ. ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನದ ಕಾಲಂ ಖಾಲಿ ಬಿಡುವಂತೆಯೂ ಇಲ್ಲ. ನನಗಿಂತ ಮೊದಲಿದ್ದ ಹೆಡ್‌ಮಾಸ್ಟರು ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇಡೀ ತರಗತಿ ಒಂದೇ ದಿನ ಹುಟ್ಟಿದ ಹಾಗೆ. ಹೊಸದಾಗಿ ಬಂದ ನನಗೆ ಅದು ಅವಮಾನವೆನಿಸಿತು. ಗೋಡೆಯ ಮೇಲೆ ಜಯಂತಿಗಳ ಪಟ್ಟಿ ತೂಗುತ್ತಿತ್ತು. ಗೊತ್ತಿಲ್ಲದ ದಿನವನ್ನು ಬರೆಯುವುದೇ ಆದರೆ ಒಳ್ಳೆಯ ದಿನ ಬರೆಯೋಣ ಎಂದುಕೊಂಡು ಒಂದೊಂದು ಮಗುವಿಗೆ ಒಬ್ಬೊಬ್ಬ ನಾಯಕರ ಹುಟ್ಟಿದ ದಿನ ಹಂಚಿದೆ. ಮೊದಲ ಪ್ರಧಾನಿಯ ದಿನ ಸಿಕ್ಕಿದವನು ಈಗ ಗೋಣಿಕೊಪ್ಪಲಿನಲ್ಲಿ ಜೀಪು ಓಡಿಸುತ್ತಾನೆ. ಮೇಷ್ಟ್ರಾಗಿದ್ದ ರಾಷ್ಟ್ರಪತಿಯ ದಿನ ಸಿಕ್ಕಿದವಳು ಓದು ಅರ್ಧಕ್ಕೆ ಬಿಟ್ಟಳು. ನಾನು ಮಾತ್ರ ಏನೋ ದೊಡ್ಡ ದಾನ ಮಾಡಿದವಳ ಹಾಗೆ ಬೀಗುತ್ತಿದ್ದೆ.

ಒಂದು ವರ್ಷ ಕಾಫಿ ಹಣ್ಣು ಕೀಳುವ ಒಬ್ಬ ಪಿಕ್ಕಿಂಗ್ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಒಂದು ವರ್ಷ ತಡವಾಗಿಯೇ ಬಂದಿದ್ದಳು, ಬಂದವಳೇ ಬೀರುವಿನ ಮೇಲಿನ ಫೋಟೋಗಳನ್ನು ಬಾಯಿ ತೆರೆದು ನೋಡುತ್ತಾ ನಿಂತಳು. ಹುಟ್ಟಿದ್ದು ಯಾವಾಗ ಎಂದು ತಾಯಿಯನ್ನು ಕೇಳಿದೆ.

"ಹಳೇ ರೈಟರು ಕೆಲ್ಸ ಬಿಟ್ಟು ಹೋದ್ರಲ್ಲ, ಆ ವರ್ಷ ಟೀಚರಮ್ಮ. ತೋಟ ಪೂರಾ ಬೆಳ್ಳಗೆ ಇತ್ತು, ಕಾಫಿ ಹೂ. ಹೂಮಳೆ ಬಿದ್ದು ಒಂಬತ್ತು ದಿವ್ಸ. ನಾನು ಕೆಲ್ಸಕ್ಕೆ ಹೋಗ್ಲಿಲ್ಲ, ಲೈನಲ್ಲೇ ಆಯ್ತು."

ರೈಟರು ಎಂದರೆ ತೋಟದ ಗುಮಾಸ್ತ, ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ. ಅವರು ಹೋದ ವರ್ಷ ನನಗೆ ಗೊತ್ತಿತ್ತು, ವರ್ಷ ಬರೆದೆ. ಉಳಿದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಹೂವಂತೆ, ಮಳೆಯಂತೆ, ಇದೆಲ್ಲ ಒಂದು ತಾರೀಖೇ ಎಂದುಕೊಂಡೆ. ಹುಡುಗಿ ಫೋಟೋಗಳನ್ನು ನೋಡುತ್ತಿದ್ದ ರೀತಿಗೆ ಮನಸ್ಸು ಕರಗಿ ಅವಳಿಗೆ ಅಕ್ಟೋಬರ್ ಎರಡನ್ನು ಕೊಟ್ಟೆ. "ಇಬ್ಬರು ದೊಡ್ಡ ನಾಯಕರು ಹುಟ್ಟಿದ ದಿನ. ಮೂರನೆಯವಳು ನೀನು" ಎಂದೆ. ತಾಯಿ ಏನೋ ಹೇಳಲು ಹೋದವಳು ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದಳು. ಟೀಚರು ಬರೆದ ಮೇಲೆ ಮುಗಿಯಿತು ಎಂಬ ಕಾಲ ಅದು.

ಹುಡುಗಿ ಮಾತ್ರ ಅದನ್ನು ನಿಜವೆಂದೇ ನಂಬಿದಳು. ಪ್ರತಿ ಅಕ್ಟೋಬರ್ ಎರಡಕ್ಕೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಟಾಫಿ ತುಂಬಿದ ಪೊಟ್ಟಣ ಹಿಡಿದು ಬರುತ್ತಿದ್ದಳು. ಮೊದಲು ಎರಡು ಫೋಟೋಗಳ ಮುಂದೆ ಒಂದೊಂದು ಟಾಫಿ ಇಡುವಳು, ಆಮೇಲೆ ನನಗೆ, ಆಮೇಲೆ ಎಲ್ಲರಿಗೆ. ನಮ್ಮ ಶಾಲೆ ಮುಗಿಸಿ ಹೈಸ್ಕೂಲಿಗೆ, ಕಾಲೇಜಿಗೆ ಹೋದ ಮೇಲೂ ಆ ಒಂದು ದಿನ ತಪ್ಪಿಸಲಿಲ್ಲ. ಅವಳು ಬರುತ್ತಾಳೆಂದೇ ನಾನು ಆ ದಿನ ಸ್ವಲ್ಪ ಒಳ್ಳೆಯ ಸೀರೆ ಉಡುತ್ತಿದ್ದೆ.

ಅವಳು ಡಿಗ್ರಿಯಲ್ಲಿದ್ದಾಗ ಅವಳ ತಾಯಿಗೆ ಆನೆ ಎದುರಾಯಿತು. ಲೈನಿಗೆ ಹೋಗುವ ರಸ್ತೆಯ ತಿರುವಿನಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು. ಓಡಲು ಹೋಗಿ ಚರಂಡಿಗೆ ಬಿದ್ದು ಕಾಲು ಮುರಿಯಿತು. ಕಾಲು ಕೂಡಿಕೊಂಡರೂ ಕುಂಟು ಉಳಿಯಿತು. ಆ ತಿರುವಿನಲ್ಲಿ ಒಂದು ಬೀದಿ ದೀಪ ಹಾಕಿಸಿ ಎಂದು ಹುಡುಗಿ ಪಂಚಾಯ್ತಿಗೆ ಮೂರು ಸಲ ಅರ್ಜಿ ಕೊಟ್ಟಳು. ಅದು ತೋಟದ ರಸ್ತೆ ಎಂದು ಪಂಚಾಯ್ತಿಯವರು ಹೇಳಿದರು, ಅದು ಪಂಚಾಯ್ತಿ ರಸ್ತೆ ಎಂದು ತೋಟದವರು ಹೇಳಿದರು. ಅಷ್ಟರಲ್ಲಿ ನಮ್ಮ ವಾರ್ಡಿನ ಸದಸ್ಯರು ತೀರಿಕೊಂಡು ಆ ಒಂದು ಸ್ಥಾನಕ್ಕೆ ಉಪಚುನಾವಣೆ ಬಂತು.

"ನಾನೇ ನಿಲ್ತೇನೆ ಟೀಚರ್" ಎಂದಳು ಹುಡುಗಿ. "ಲೈನಿಂದ ಇದುವರೆಗೆ ಯಾರೂ ನಿಂತಿಲ್ಲ. ಓಟೆಲ್ಲ ನಮ್ಮದೇ, ಮೆಂಬರ್ ಮಾತ್ರ ಬೇರೆಯವ್ರು. ಇಪ್ಪತ್ತೊಂದು ಆಗಿರ್ಬೇಕಂತೆ, ನಂಗೆ ಆಗುತ್ತಲ್ಲ?"

ನಾನು ಬೆರಳು ಮಡಚಿ ನೋಡಿದೆ. ಮತದಾನ ಅಕ್ಟೋಬರ್ ಎರಡು ಕಳೆದ ಮೇಲೆ. "ಅಷ್ಟೊತ್ತಿಗೆ ತುಂಬಿರುತ್ತೆ, ಧೈರ್ಯವಾಗಿ ನಿಲ್ಲು" ಎಂದೆ. ಸರ್ಕಾರಿ ನೌಕರಳಾದ ನಾನು ಚುನಾವಣೆಯಲ್ಲಿ ಮೂಗು ತೂರಿಸಬಾರದು, ಆದರೂ ಇಷ್ಟು ಹೇಳಿದೆ. ಅವಳು ತಂದುಕೊಟ್ಟ ಚುನಾವಣೆ ನಿಯಮದ ಹಾಳೆ ನನ್ನ ಮೇಜಿನ ಮೇಲೇ ಇತ್ತು. ಓದಲಿಲ್ಲ. ಆ ವಾರ ಬಿಸಿಯೂಟದ ವರದಿ, ಸಮವಸ್ತ್ರದ ವರದಿ, ಶೌಚಾಲಯದ ವರದಿ ಎಲ್ಲ ಒಟ್ಟಿಗೆ ಕೇಳಿದ್ದರು. ಇನ್ನೊಂದು ಹಾಳೆ ಓದುವ ಶಕ್ತಿ ನನ್ನಲ್ಲಿರಲಿಲ್ಲ ಎಂಬುದೂ ನಿಜ, ಅದು ನೆಪ ಎಂಬುದೂ ನಿಜ.

ಸೆಪ್ಟೆಂಬರಿನ ಕೊನೆಯಲ್ಲಿ ನಾಮಪತ್ರ ಪರಿಶೀಲನೆಯ ದಿನ ಪಂಚಾಯ್ತಿ ಕಚೇರಿಯಿಂದ ನನಗೆ ಫೋನು ಬಂತು. ಶಾಲೆಯ ದಾಖಲಾತಿ ಪುಸ್ತಕ ತೆಗೆದುಕೊಂಡು ಬನ್ನಿ ಎಂದರು. ಹೋದೆ. ಚುನಾವಣಾಧಿಕಾರಿ ಬೇರೆ ಇಲಾಖೆಯಿಂದ ಎರವಲು ಬಂದ ಒಬ್ಬ ಇಂಜಿನಿಯರು, ನನ್ನಷ್ಟೇ ಸುಸ್ತಾಗಿದ್ದ ಮನುಷ್ಯ. ಬೆಂಚಿನ ಮೇಲೆ ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ನೆಟ್ಟಗೆ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಾಯಿ, ಕುಂಟುಕಾಲು ನೀಡಿಕೊಂಡು.

"ವಯಸ್ಸು ಮತದಾನದ ದಿನಕ್ಕೆ ನೋಡೋದಲ್ಲ ಮೇಡಂ, ಪರಿಶೀಲನೆ ದಿನಕ್ಕೆ ನೋಡೋದು. ಎಂಟು ದಿನ ಕಮ್ಮಿ ಬರ್ತಿದೆ. ಮಾರ್ಕ್ಸ್ ಕಾರ್ಡಲ್ಲೇನಾದ್ರೂ ತಪ್ಪಾಗಿದ್ಯಾ ಅಂತ ನೋಡೋಕೆ ನಿಮ್ಮನ್ನ ಕರೆಸಿದೆ" ಎಂದರು ಅಧಿಕಾರಿ.

ತಪ್ಪು ಮಾರ್ಕ್ಸ್ ಕಾರ್ಡಿನದಲ್ಲ, ನನ್ನದು, ಈ ಹುಡುಗಿ ಹುಟ್ಟಿದ್ದು ಕಾಫಿ ಹೂವಿನ ಕಾಲದಲ್ಲಿ, ಅವಳಿಗೆ ಇಪ್ಪತ್ತೊಂದು ತುಂಬಿ ಆರು ತಿಂಗಳಾಗಿದೆ, ಅಕ್ಟೋಬರ್ ಎರಡು ನಾನು ಸುಮ್ಮನೆ ಬರೆದದ್ದು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಈ ಸಹಿ ನಿಮ್ಮದೇ ಅಲ್ವಾ ಮೇಡಂ?"

"ನನ್ನದೇ."

"ಆವತ್ತು ನೀವು ಬರೆದದ್ದು ದಾಖಲೆ. ಇವತ್ತು ಹೇಳ್ತಿರೋದು ಬರೀ ಮಾತು. ಇದನ್ನ ತಿದ್ದೋಕೆ ಕೋರ್ಟಿಗೆ ಹೋಗ್ಬೇಕು. ನನ್ನ ಕೈಯಲ್ಲಿ ಏನೂ ಇಲ್ಲ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾಮಪತ್ರ ಹೋದದ್ದಕ್ಕಿಂತ ಮೊದಲು ಅವಳಿಂದ ನಾನು ಕಿತ್ತುಕೊಂಡದ್ದು ಆ ಹುಟ್ಟುಹಬ್ಬವನ್ನು. ಹದಿನಾಲ್ಕು ವರ್ಷ ಟಾಫಿ ಹಂಚಿದ ದಿನ ಟೀಚರು ಸುಮ್ಮನೆ ಬರೆದ ದಿನ ಎಂದು ಅವಳಿಗೆ ಗೊತ್ತಾದದ್ದು ಆ ಕಚೇರಿಯಲ್ಲಿ, ಅಷ್ಟು ಜನರ ಮುಂದೆ. ತಾಯಿ ಮಾತ್ರ ಮೆಲ್ಲಗೆ, "ನಾನು ಅವತ್ತೇ ಹೇಳಿದ್ದೆ ಟೀಚರಮ್ಮ" ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ನಾಮಪತ್ರ ತಿರಸ್ಕೃತವಾಯಿತು. ಕಣದಲ್ಲಿ ಉಳಿದವರು ಒಬ್ಬರೇ, ಅವಿರೋಧವಾಗಿ ಆಯ್ಕೆಯಾದರು. ಮತದಾನವೇ ನಡೆಯಲಿಲ್ಲ.

ಆ ಅಕ್ಟೋಬರ್ ಎರಡಕ್ಕೆ ಎಂದಿನಂತೆ ಇಬ್ಬರನ್ನೂ ಬೀರುವಿನಿಂದ ಇಳಿಸಿದೆ, ಒರೆಸಿದೆ, ಮಾಲೆ ಹಾಕಿದೆ. ಒಳ್ಳೆಯ ಸೀರೆ ಉಟ್ಟಿದ್ದೆ. ಮಕ್ಕಳು ಮನೆಗೆ ಹೋದ ಮೇಲೂ ಮಧ್ಯಾಹ್ನದವರೆಗೆ ಗೇಟಿನ ಕಡೆ ನೋಡುತ್ತಾ ಕುಳಿತೆ. ಅವಳು ಬರಲಿಲ್ಲ. ಫೋಟೋಗಳನ್ನು ಮತ್ತೆ ಮೇಲಿಡಲು ಸ್ಟೂಲು ಹತ್ತುವಾಗ ಮಂಡಿ ನೋವು ತಡೆಯಲಾಗದೆ ಅಜ್ಜನನ್ನೂ ಪ್ರಧಾನಿಯನ್ನೂ ಮೇಜಿನ ಮೇಲೇ ಬಿಟ್ಟು ಬಂದೆ.

ಅದಾಗಿ ಕೆಲವು ದಿನಕ್ಕೆ ನನಗೊಂದು ಯೋಚನೆ ಬಂತು. ನಮ್ಮಲ್ಲಿ ಯಾವ ತೋಟದವರೂ ಮಳೆಯನ್ನು ಬರೆದಿಡದೆ ಬಿಡುವುದಿಲ್ಲ. ಮನುಷ್ಯರು ಹುಟ್ಟಿದ್ದಕ್ಕೆ ಬರಹವಿಲ್ಲದಿದ್ದರೂ ಯಾವ ದಿನ ಎಷ್ಟು ಇಂಚು ಸುರಿಯಿತೆಂಬುದಕ್ಕೆ ಇರುತ್ತದೆ. ತೋಟದ ಆಫೀಸಿಗೆ ಹೋಗಿ ಈಗಿನ ರೈಟರನ್ನು ಕಾಡಿ ಬೇಡಿ ಆ ವರ್ಷದ ಮಳೆ ಪುಸ್ತಕ ತೆಗೆಸಿದೆ. ಹೂಮಳೆ ಬಿದ್ದದ್ದು ಮಾರ್ಚ್ ಹದಿನಾಲ್ಕಕ್ಕೆ. ಪಕ್ಕದಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು, ಅಷ್ಟು ಸಂತೋಷವಾಗಿರಬೇಕು ಅವತ್ತು ತೋಟದ ದೊರೆಗೆ. ಒಂಬತ್ತು ದಿನ ಎಣಿಸಿದೆ, ಮಾರ್ಚ್ ಇಪ್ಪತ್ತಮೂರು. ಇಷ್ಟೇ ಕೆಲಸ, ಅರ್ಧ ಗಂಟೆಯದು. ಆವತ್ತೇ ತಾಯಿಯ ಮಾತು ಕೇಳಿ ನಾಲ್ಕು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಟ್ಟು ಬಂದೆ. ಅವಳಿಗೆ ಓದಲು ಬರುವುದಿಲ್ಲ, ಸೆರಗಿಗೆ ಕಟ್ಟಿಕೊಂಡಳು.

ಮಾರ್ಚ್ ಇಪ್ಪತ್ತಮೂರು ಬಂತು. ಈ ವರ್ಷ ಹೂಮಳೆ ಇನ್ನೂ ಬಿದ್ದಿರಲಿಲ್ಲ. ತೋಟದವರು ಸ್ಪ್ರಿಂಕ್ಲರ್ ಓಡಿಸಿ ಒಂದು ಕಡೆಯ ಗಿಡಗಳಲ್ಲಿ ಮಾತ್ರ ಹೂ ಬರಿಸಿದ್ದರು. ನಾನು ಪರೀಕ್ಷೆಯ ಪೇಪರು ತಿದ್ದುತ್ತಾ ಕುಳಿತಿದ್ದೆ. ತಲೆಯೆತ್ತಿದಾಗ ಬಾಗಿಲಲ್ಲಿ ಹುಡುಗಿ, ಕೈಯಲ್ಲಿ ಪೊಟ್ಟಣ.

ಫೋಟೋಗಳ ಕಡೆ ಅವಳು ನೋಡಲಿಲ್ಲ. ನೇರವಾಗಿ ಬಂದು ಒಂದು ಟಾಫಿ ನನ್ನ ಮೇಜಿನ ಮೇಲಿಟ್ಟಳು.

"ಇವತ್ತಿಗೆ ಇಪ್ಪತ್ತೆರಡು ಟೀಚರ್. ಕಾಗದದಲ್ಲಿ ಇಪ್ಪತ್ತೊಂದೇ. ಎಲೆಕ್ಷನ್‌ಗೆ ಅಷ್ಟು ಸಾಕು. ಮುಂದಿನ ಸಲ ನಿಲ್ತೇನೆ."

ನನಗೆ ಅಳು ಬಂತು. ಅವಳ ಕೈ ಹಿಡಿದುಕೊಂಡು, ಈ ಸಲ ನಿಯಮವನ್ನೆಲ್ಲ ನಾನೇ ಮುಂಚಿತವಾಗಿ ಓದಿ ಹೇಳುತ್ತೇನೆ ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ನಗುತ್ತಲೇ ತಲೆಯಾಡಿಸಿದಳು.

"ಬೇಡ ಟೀಚರ್. ನಾನೇ ಓದ್ಕೊಳ್ತೇನೆ."

ಅವಳ ತಾಯಿ ಇವತ್ತಿಗೂ ದೀಪವಿಲ್ಲದ ಆ ತಿರುವಿನಲ್ಲಿ ಮೊಬೈಲಿನ ಬೆಳಕು ಹಿಡಿದು ಕುಂಟುತ್ತಾ ಕೆಲಸಕ್ಕೆ ಹೋಗುತ್ತಾಳೆ. ಹುಡುಗಿ ಉಳಿದ ಟಾಫಿಗಳನ್ನು ಮಕ್ಕಳಿಗೆ ಹಂಚಲು ಪಕ್ಕದ ಕೋಣೆಗೆ ಹೋದಳು. ಸರಿ ಎಂದು ಹೇಳಲು ನಾನು ಬಾಯಿ ತೆರೆದಾಗ ಅವಳು ಅಲ್ಲಿರಲಿಲ್ಲ.