ನೋವು ಮುಚ್ಚಿಟ್ಟವರ ಬೆಂಚು

ಮೊದಲು ಊದಿದ್ದು ಎಡಗಾಲಿನ ಮೀನಖಂಡ. ಬೆಂಗಳೂರಿನಲ್ಲಿ ರಜೆ ಮುಗಿಸಿ, ವಿಮಾನದಲ್ಲಿ ಗಂಟೆಗಟ್ಟಲೆ ಕಾಲು ಮಡಚಿ ಕೂತು, ಲಂಡನ್ನಿನ ಕ್ರೋಯ್ಡನ್‌ಗೆ ವಾಪಸಾದ ವಾರ ಅದು. ನನ್ನ ಗಂಡ ಪ್ರಭಾಕರ್ ಸಾಕ್ಸ್ ಬಿಚ್ಚಿದಾಗ ಅದರ ಅಚ್ಚು ಚರ್ಮದಲ್ಲಿ ಆಳವಾಗಿ ಕೂತಿತ್ತು.

"ರೀ, ಜಿಪಿ ಡಾಕ್ಟರಿಗೆ ಫೋನ್ ಮಾಡಿ."

"ಮಸಲ್ ಪುಲ್ ಕಣೇ. ಇಷ್ಟು ವರ್ಷ ಆಡಿದೀನಿ, ನನ್ನ ಕಾಲು ನನಗೆ ಗೊತ್ತಿಲ್ವಾ?"

ಗೊತ್ತಿರಬೇಕಾದವರೇ. ಕಾಲೇಜು ಟೀಮಿನಲ್ಲಿ ಡಿಫೆಂಡರ್ ಆಗಿದ್ದವರು. ಮೊಣಕಾಲಿನ ನೋವು ಮುಚ್ಚಿಟ್ಟು ಒಂದು ಫೈನಲ್ ಆಡಿದರು, ಅಲ್ಲಿಗೆ ಆಟ ಮುಗಿಯಿತು. ಆಮೇಲೆ ಆಟ ಕಲಿಸುವುದೇ ಬದುಕಾಯಿತು. ಇಲ್ಲಿಗೆ ಬಂದು ಟೀಚರ್ ಟ್ರೈನಿಂಗ್ ಮುಗಿಸಿ ಪಿ.ಇ. ಮೇಷ್ಟ್ರಾದರು. ಶನಿವಾರ ಸ್ಕೂಲಿನ ಹುಡುಗಿಯರ ಫುಟ್‌ಬಾಲ್ ಟೀಮಿಗೆ ಕೋಚ್. ಆ ಟೀಮಿಗೆ ಇವರು ಹಾಕಿದ ನಿಯಮ ಒಂದೇ: ನೋವು ಮುಚ್ಚಿಟ್ಟು ಆಡಿದವರು ಮುಂದಿನ ಮ್ಯಾಚಿಗೆ ಬೆಂಚಿನಲ್ಲಿ ಕೂರಬೇಕು. ಎಷ್ಟೇ ಗೋಲು ಹೊಡೆಯುವವಳಾದರೂ ಸರಿ, ಅಳುತ್ತಾ ಕೂತವರನ್ನು ನಾನೇ ನೋಡಿದ್ದೇನೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನು ಕಾಲಿಗೆ ಕಟ್ಟಿಕೊಂಡರು. ಟೇಪ್ ಸುತ್ತಿದರು. ಲೀಗಿನ ಕೊನೆಯ ಮ್ಯಾಚ್ ಹತ್ತಿರವಿತ್ತು, ಜಿಪಿ ರೆಸ್ಟ್ ಅಂದುಬಿಟ್ಟರೆ ಎನ್ನುವ ಭಯ. ಓಡಿದರೆ ಸಡಿಲವಾಗುತ್ತದೆ ಎಂದು ಪಾರ್ಕಿಗೂ ಹೋದರು.

ವಾಪಸ್ ಬಂದವರು ಫ್ಲ್ಯಾಟಿನ ಬಾಗಿಲಲ್ಲೇ ನಿಂತರು. ಲಿಫ್ಟಿನಲ್ಲಿ ಬಂದವರಿಗೆ ಏದುಸಿರು. ತುಟಿ ಬೂದಿ ಬಣ್ಣ.

"ಎದೆ... ಹಿಡ್ಕೊಂಡ ಹಾಗಿದೆ."

ಆಂಬುಲೆನ್ಸಿಗೆ ಫೋನ್ ಮಾಡಿದೆ. ಪೋಸ್ಟ್‌ಕೋಡ್ ಕೇಳಿದರು. ವರ್ಷಗಳಿಂದ ಬರೆಯುತ್ತಿರುವ ಪೋಸ್ಟ್‌ಕೋಡ್ ಬಾಯಿಗೆ ಬರಲಿಲ್ಲ. ನೆಲದ ಮೇಲೆ ಕೂತಿದ್ದ ಇವರೇ ಒಂದೊಂದೇ ಅಕ್ಷರ ಹೇಳಿಕೊಟ್ಟರು.

ಆಸ್ಪತ್ರೆಯ ತುರ್ತು ವಿಭಾಗದ ಡಾಕ್ಟರ್ ಕಾಲು ಮುಟ್ಟಿ ನೋಡಿ, ನೋವು ಯಾವಾಗಿನಿಂದ ಎಂದು ಕೇಳಿದರು.

"ನಿನ್ನೆಯಿಂದ," ಎಂದರು ಇವರು. ಮೂಗಿಗೆ ಆಕ್ಸಿಜನ್ ಹಾಕಿಕೊಂಡು!

"ಸುಳ್ಳು. ಒಂದು ವಾರದಿಂದ," ಎಂದೆ ನಾನು. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಪರದೆ ಸರಿಯಿತು.

ಸಿಟಿ ಸ್ಕ್ಯಾನ್ ಆಯಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು.

ಪಲ್ಮನರಿ ಎಂಬಾಲಿಸಮ್.

"ಉಳ್ಕೋತಾರಾ?" ಎಂದು ಕೇಳಿಯೇಬಿಟ್ಟೆ, ಕನ್ನಡದಲ್ಲೇ. ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ಔಷಧಿ ಶುರು ಮಾಡಿದ್ದೇವೆ, ಕಾದು ನೋಡಬೇಕು ಎಂದರು. ಮಾನಿಟರಿನಲ್ಲಿ ಆಕ್ಸಿಜನ್ ಇಳಿದಾಗಲೆಲ್ಲ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಇವರ ಮೇಲೆ ಕೆಂಡದಂಥ ಸಿಟ್ಟು. ಆದರೆ ಸಿಟ್ಟು ಮಾಡಿಕೊಳ್ಳಲಾದರೂ ಇವರು ಬೇಕಲ್ಲ, ಇವರಿಲ್ಲದ ಮನೆಗೆ ನಾನೊಬ್ಬಳೇ ಹೇಗೆ ಹೋಗಲಿ ಎಂದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅತ್ತೆ.

ಆಕ್ಸಿಜನ್ ನಿಧಾನವಾಗಿ ಏರಿತು. ಕೆಲವು ದಿನಗಳ ನಂತರ ಬ್ಲಡ್ ಥಿನ್ನರ್ ಮಾತ್ರೆಗಳೊಂದಿಗೆ ಮನೆಗೆ ಕಳಿಸಿದರು. ಸದ್ಯಕ್ಕೆ ಓಟವಿಲ್ಲ, ತಲೆಯಿಂದ ಚೆಂಡು ಹೊಡೆಯುವ ಹೆಡರ್ ಇಲ್ಲ.

ಕೊನೆಯ ಮ್ಯಾಚಿಗೆ ಹೋಗಿಯೇ ಹೋಗುತ್ತೇನೆ ಎಂದು ಹಟ ಹಿಡಿದರು. ಸ್ವಲ್ಪ ಹೊತ್ತು ಕೂತು ನೋಡಬಹುದು ಎಂದರು ಡಾಕ್ಟರ್. ಮೈದಾನಕ್ಕೆ ಕಾಲಿಟ್ಟವರೇ ಇವರು ಗೆರೆಯ ಪಕ್ಕ ನಿಲ್ಲಲು ಹೊರಟರು. ಕ್ಯಾಪ್ಟನ್ ಹುಡುಗಿ ಅಡ್ಡ ಬಂದಳು.

"ಸರ್, ಕಾಲು ನೋಯ್ತಿದೆ ಅಂತ ಯಾರಿಗಾದ್ರೂ ಹೇಳಿದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಇವರು ತಲೆ ಕೆರೆದುಕೊಂಡರು. ಅವಳು ಬೆಂಚು ತೋರಿಸಿದಳು. ಸಹಾಯಕ್ಕೆಂದು ಇವರು ನನ್ನ ಕಡೆ ತಿರುಗಿದರು.

"ನಿಯಮ ನಿಮ್ಮದೇ ಅಲ್ವೇನ್ರೀ," ಎಂದೆ.

ಕೂತರು. ನಾನೂ ಪಕ್ಕದಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟೆ. ಹಾಫ್ ಟೈಮಿಗೆ ಮುಂಚೆ ನಮ್ಮವರ ಮೇಲೆ ಒಂದು ಗೋಲಾಯಿತು. ಇವರು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರೇ ಹೊರತು ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಆಟದಿಂದ ಕಣ್ಣು ಕೀಳದೆ, ಮೆಲ್ಲಗೆ ಹೇಳಿದರು.

"ಲೇ, ಎಡಗಾಲು ಸ್ವಲ್ಪ ನೋಯ್ತಿದೆ."

ಹೆದರಿ ಅಲ್ಲೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನರ್ಸ್ ಒಂದೊಂದಾಗಿ ಎಲ್ಲ ವಿಚಾರಿಸಿ, ಇಷ್ಟು ನೋವು ಇನ್ನೂ ಕೆಲವು ವಾರ ಇರುತ್ತದೆ, ಊತ ಹೆಚ್ಚಾದರೆ ತಕ್ಷಣ ಬನ್ನಿ ಎಂದರು. ಮ್ಯಾಚ್ ಸೋತೆವು. ಮದುವೆಯಾದಂದಿನಿಂದ ಇವರು ಉಸಿರು ಕಟ್ಟುವ ತನಕ ಕಾಯದೆ ತಾವಾಗಿ ಬಾಯಿಬಿಟ್ಟು ಹೇಳಿದ ಮೊದಲ ನೋವು ಅದು. ಟ್ರ್ಯಾಮಿನಲ್ಲಿ ಮನೆಗೆ ಬರುವಾಗ, ಸೋತ ಕೋಚಿನ ಪಕ್ಕ ನಾನೊಬ್ಬಳೇ ನಗುತ್ತಾ ಕೂತಿದ್ದೆ.